ಎಲೆ ಅದೇ, ಗಡಿಯಾರ ಬೇರೆ

ಪೋಕರ್ ಬುದ್ಧಿಯ ಆಟವೋ, ಅದೃಷ್ಟದ ಆಟವೋ? ಈ ವಾದ ನಮ್ಮಲ್ಲಿ ಮುಗಿಯುವಂಥದ್ದಲ್ಲ. ತಿಪಟೂರು ಕಡೆಯ ತೋಟದ ಮನೆ ಜಗಲಿಯಲ್ಲೂ ಇದೇ ಮಾತು, ಹೈಕೋರ್ಟಿನಲ್ಲೂ ಇದೇ ಮಾತು. ನನ್ನ ಊರು ತಿಪಟೂರು ತಾಲ್ಲೂಕು, ಈಗ ಇರೋದು ಅಮೆರಿಕದ ನ್ಯೂಜೆರ್ಸಿ. ಇಲ್ಲಿ ಕ್ಯಾಸಿನೊದಲ್ಲೂ ಪೋಕರ್ ಆಡಬಹುದು, ಮನೆಯಲ್ಲಿ ಕೂತು ಆನ್‌ಲೈನ್ ಕೂಡ ಆಡಬಹುದು. ಎರಡೂ ಕಾನೂನಿನ ಒಳಗೇ ಇವೆ. ಮೊದಲು ಇಲ್ಲಿನ ಕ್ಯಾಸಿನೊ ಊರು ಅಟ್ಲಾಂಟಿಕ್ ಸಿಟಿಗೆ ಹೋಗಿ ಆಡುತ್ತಿದ್ದೆ, ಈಗ ಜಾಸ್ತಿ ಲ್ಯಾಪ್‌ಟಾಪ್ ಮುಂದೆಯೇ. ಎರಡನ್ನೂ ಕಂಡ ಮೇಲೆ ನನಗೆ ಅನಿಸೋದು ಇಷ್ಟು: ಬುದ್ಧಿಯೋ ಅದೃಷ್ಟವೋ ಅಂತ ಕೇಳಿ ಏನೂ ಸಿಗಲ್ಲ. ಗಂಟೆಗೆ ಎಷ್ಟು ಸಲ ಎಲೆ ಹಂಚುತ್ತಾರೆ ಅಂತ ಕೇಳಬೇಕು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಹೋಲ್ಡೆಮ್ ಅನ್ನೋ ಪೋಕರ್‌ನಲ್ಲಿ ಪ್ರತಿಯೊಬ್ಬರ ಕೈಗೆ ಎರಡು ಎಲೆ. ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದು ಎಲೆ ಒಂದೊಂದು ಹಂತದಲ್ಲಿ ಬಿಚ್ಚಿಕೊಳ್ಳುತ್ತೆ. ಪ್ರತಿ ಹಂತದಲ್ಲೂ ಯಾರಾದರೂ ಹಣ ಕಟ್ಟಿದರೆ ಉಳಿದವರೂ ಅಷ್ಟು ಕಟ್ಟಬೇಕು, ಇಲ್ಲವೇ ಎಲೆ ಬಿಸಾಕಿ ಸುಮ್ಮನಾಗಬೇಕು. ನಮ್ಮ ರಮ್ಮಿಗಿಂತ ಮೂರೆಲೆ ಆಟಕ್ಕೆ ಹತ್ತಿರ. ಕೈಯಲ್ಲಿ ಏನೂ ಇಲ್ಲದೆ ಎದುರಿನವನನ್ನು ಹೆದರಿಸಿ ಎಬ್ಬಿಸಬಹುದು. ಮಜಾ ಇರೋದೇ ಅಲ್ಲಿ.

ಅಟ್ಲಾಂಟಿಕ್ ಸಿಟಿಯಲ್ಲಿ ಮೊದಲ ಕ್ಯಾಸಿನೊ ಬಾಗಿಲು ತೆರೆದದ್ದು 1978ರಲ್ಲಿ. ನಾನಿರೋ ಕಡೆಯಿಂದ ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಹಿಡಿದರೆ ಒಂದೂವರೆ ಎರಡು ಗಂಟೆ ದಾರಿ. ಹೋದ ತಕ್ಷಣ ಜಾಗ ಸಿಗಲ್ಲ, ಹೆಸರು ಬರೆಸಿ ಕಾಯಬೇಕು. ಆಮೇಲೆ ದುಡ್ಡು ಕೊಟ್ಟು ಚಿಪ್, ಅಂದರೆ ಹಣದ ಬದಲು ಇಡೋ ಬಿಲ್ಲೆ, ತಗೋಬೇಕು. ಟೇಬಲ್‌ಗೆ ಕೂತರೆ ಅಲ್ಲಿನ ರಿವಾಜೇ ಬೇರೆ. ನಿಮ್ಮ ಸರದಿ ಬರೋ ಮುಂಚೆ ಬಾಯಿ ಬಿಡಬಾರದು. ಬಾಯಲ್ಲಿ ‘ರೇಯ್ಸ್’, ಅಂದರೆ ಪಣ ಏರಿಸ್ತೀನಿ, ಅಂದರೆ ಮುಗೀತು, ಚಿಪ್ ಮುಂದಕ್ಕೆ ತಳ್ಳದಿದ್ದರೂ ಆ ಮಾತಿಗೆ ಬದ್ಧ. ಪಕ್ಕದಲ್ಲಿ ರಿಟೈರ್ ಆದ ಯಜಮಾನರು ಕೂತಿರುತ್ತಾರೆ. ಎಲೆ ಬಂದ ಕೂಡಲೇ ಹೆಬ್ಬೆರಳಿನಿಂದ ಮೂಲೆ ಎತ್ತಿ ಒಂದೇ ಸಲ ನೋಡುತ್ತಾರೆ, ಮೇಲೆ ಒಂದು ಚಿಪ್ ಇಟ್ಟು ಕೈಕಟ್ಟಿ ಕೂರುತ್ತಾರೆ. ಆ ಚಿಪ್ ಇಡದಿದ್ದರೆ ಎಲೆ ಹಂಚೋ ಡೀಲರ್ ಕೈತಪ್ಪಿ ಎಲೆ ಎಳೆದುಕೊಂಡರೂ ಕೇಳೋ ಹಾಗಿಲ್ಲ. ಆಟ ಗೆದ್ದವರು ಒಂದು ಡಾಲರ್ ಚಿಪ್ ಡೀಲರ್ ಕಡೆ ಎಸೆಯಬೇಕು. ಡೀಲರ್ ಅದನ್ನು ಟೇಬಲ್ ಅಂಚಿಗೆ ಟಕ್ ಅಂತ ಕುಟ್ಟಿ ಟಿಪ್ಸ್ ಡಬ್ಬಿಗೆ ಹಾಕುತ್ತಾರೆ. ಇಷ್ಟೆಲ್ಲ ನಡೆಯೋ ಹೊತ್ತಿಗೆ ಗಂಟೆಗೆ ಆಗೋದು 25ರಿಂದ 30 ಆಟ, ಅಷ್ಟೇ.

ಹೀಗೆ ಕೂತಾಗ ಎದುರಿನವನ ಮುಖ ಓದಬೇಕು, ಆ ವಿದ್ಯೆ ನಮ್ಮ ಜಿಲ್ಲೆಯವರಿಗೆ ಹೊಸದೇನಲ್ಲ. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲ್ ಮುಚ್ಚಿಕೊಂಡು ಬೆರಳು ಹಿಡಿದು ವ್ಯಾಪಾರ ಮಾಡೋದನ್ನು ನೋಡಿದ್ದೀರಲ್ವಾ? ಕೈ ಟವೆಲ್ ಒಳಗೆ, ಕಣ್ಣು ಎದುರಿನವನ ಮೇಲೆ. ಜೋಡೆತ್ತು ಬೇಕೇ ಬೇಕು ಅನ್ನೋ ಆಸೆ ಮುಖದಲ್ಲಿ ಒಂದಿಷ್ಟು ಇಣುಕಿದರೂ ರೇಟು ಏರಿತು ಅಂತಲೇ ಲೆಕ್ಕ. ಕ್ಯಾಸಿನೊ ಟೇಬಲ್‌ನಲ್ಲಿ ಮೊದಮೊದಲು ಕೂತಾಗ ನನಗೆ ನೆನಪಾಗಿದ್ದು ಅದೇ.

ಆನ್‌ಲೈನ್‌ಗೆ ಬಂದರೆ ಮುಖ ಹೋಯಿತು. ಬಹಳ ಜನ ಇದನ್ನೇ ದೊಡ್ಡ ನಷ್ಟ ಅಂತಾರೆ, ನಾನು ಅಷ್ಟಾಗಿ ಒಪ್ಪಲ್ಲ. ಮುಖ ಇಲ್ಲದಿದ್ದರೂ ಗುರುತು ಉಳಿಯುತ್ತೆ. ಎದುರಿನವನು ಬಟನ್ ಒತ್ತೋಕೆ ಎಷ್ಟು ಹೊತ್ತು ತಗೊಂಡ, ಎಷ್ಟು ಕಟ್ಟಿದ, ಕಳೆದ ಸಲ ಇಂಥದ್ದೇ ಜಾಗದಲ್ಲಿ ಏನು ಮಾಡಿದ ಅನ್ನೋದರಲ್ಲಿ ಮನುಷ್ಯ ಗೊತ್ತಾಗ್ತಾನೆ. ಆಡಿದ ಪ್ರತಿ ಆಟವೂ ದಾಖಲಾಗಿರುತ್ತೆ, ಆಮೇಲೆ ಕೂತು ತಿರುವಿ ನೋಡಬಹುದು. ಕಲಿಯೋಕೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ. ಖರ್ಚೂ ಕಮ್ಮಿ. ಕ್ಯಾಸಿನೊದಲ್ಲಿ ಸಣ್ಣ ಟೇಬಲ್ ಅಂದರೂ ಕೆಲವು ನೂರು ಡಾಲರ್ ಇಟ್ಟುಕೊಂಡೇ ಕೂರಬೇಕು. ಆನ್‌ಲೈನ್‌ನಲ್ಲಿ ಒಂದು ಸೆಂಟು, ಎರಡು ಸೆಂಟಿನ ಟೇಬಲ್ ಇವೆ. ಒಂದು ಕಾಫಿ ದುಡ್ಡಲ್ಲಿ ಸಂಜೆ ಪೂರ್ತಿ ಕಳೆಯಬಹುದು.

ಆದರೆ ವೇಗ ನೋಡಿ. ಒಂದು ಟೇಬಲ್‌ನಲ್ಲೇ ಗಂಟೆಗೆ 70 ಆಟದ ಸುತ್ತಮುತ್ತ. ಕಲಸೋದು, ಹಂಚೋದು, ಚಿಪ್ ಎಣಿಸೋದು ಎಲ್ಲ ಕ್ಷಣದಲ್ಲಿ ಮುಗಿಯುತ್ತೆ. ಸಾಲದ್ದಕ್ಕೆ ಒಂದೇ ಸಲ ನಾಲ್ಕು ಟೇಬಲ್ ತೆರೆದುಕೊಂಡು ಕೂರೋರು ಬೇಕಾದಷ್ಟು ಜನ. ಅಲ್ಲಿಗೆ ಗಂಟೆಗೆ 280.

ಇದರಿಂದ ಏನೇನು ಬದಲಾಗುತ್ತೆ ಅನ್ನೋದಕ್ಕೆ ಒಂದು ಲೆಕ್ಕ ಹೇಳ್ತೀನಿ. ಕೈಗೆ ಬರೋ ಎಲೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಜೋಡಿ ಎಕ್ಕ, ಅದು ಬರೋದು ಸರಾಸರಿ 221 ಆಟಕ್ಕೆ ಒಂದು ಸಲ. ಕ್ಯಾಸಿನೊದಲ್ಲಾದರೆ ಸುಮಾರು ಎಂಟು ಗಂಟೆ ಕೂತರೆ ಒಮ್ಮೆ. ನಾಲ್ಕು ಟೇಬಲ್ ಆನ್‌ಲೈನ್ ಆದರೆ ಗಂಟೆಯೊಳಗೇ ಒಮ್ಮೆ. ಎದುರಿನವನ ಹತ್ತಿರ ಬೇರೆ ಯಾವುದೋ ಜೋಡಿ ಇದ್ದು, ಇಬ್ಬರೂ ಇದ್ದಬದ್ದದ್ದೆಲ್ಲ ಕಟ್ಟಿದರೆ, ಐದರಲ್ಲಿ ಹೆಚ್ಚುಕಮ್ಮಿ ಒಂದು ಸಲ ಎಕ್ಕವೇ ಸೋಲುತ್ತೆ. ಕ್ಯಾಸಿನೊದಲ್ಲಿ ಅಪರೂಪಕ್ಕೆ ತಿನ್ನೋ ಈ ಪೆಟ್ಟನ್ನು ಆನ್‌ಲೈನ್‌ನಲ್ಲಿ ಮತ್ತೆ ಮತ್ತೆ ತಿನ್ನಬೇಕು. ತಿಂದವನು ಹೇಳೋದೇನು? ಕಂಪ್ಯೂಟರ್ ಬೇಕಂತಲೇ ಹೀಗೆ ಎಲೆ ಕೊಡ್ತಿದೆ ಅಂತ.

ಆ ಅನುಮಾನ ಪೂರ್ತಿ ಹುಚ್ಚೂ ಅಲ್ಲ ಅನ್ನಿ. 1999ರಲ್ಲಿ ಒಂದು ಪೋಕರ್ ಸಾಫ್ಟ್‌ವೇರ್ ಕಂಪನಿ, ಜನಕ್ಕೆ ನಂಬಿಕೆ ಬರಲಿ ಅಂತ ತಾನು ಎಲೆ ಕಲಸೋ ಪ್ರೋಗ್ರಾಂ ಅನ್ನು ಎಲ್ಲರ ಮುಂದಿಟ್ಟಿತು. ಕೆಲವು ಎಂಜಿನಿಯರ್‌ಗಳು ಅದನ್ನು ಬಿಡಿಸಿ ನೋಡಿದರು. ಮಧ್ಯರಾತ್ರಿಯಿಂದ ಎಷ್ಟು ಮಿಲಿಸೆಕೆಂಡ್ ಕಳೆದಿದೆ ಅನ್ನೋದನ್ನು ಹಿಡಿದು ಆ ಪ್ರೋಗ್ರಾಂ ಕಲಸುತ್ತಿತ್ತು. ದಿನಕ್ಕೆ ಇರೋದೇ 8.64 ಕೋಟಿ ಮಿಲಿಸೆಕೆಂಡ್, ಅಂದರೆ ಕಲಸೋ ರೀತಿಯೂ ಅಷ್ಟೇ. 52 ಎಲೆಗಳನ್ನು ಜೋಡಿಸೋ ರೀತಿಗಳೋ, 8ರ ಮುಂದೆ 67 ಸೊನ್ನೆ ಹಾಕಿದಷ್ಟು. ಹಾಗಾಗಿ ತಮ್ಮ ಕೈಯ ಎರಡು, ಮಧ್ಯದ ಮೂರು, ಹೀಗೆ ಐದು ಎಲೆ ಕಂಡರೆ ಸಾಕು, ಉಳಿದ ಎಲೆಗಳನ್ನೆಲ್ಲ ಅವರು ಹೇಳಿಬಿಡುತ್ತಿದ್ದರು! ಈಗ ಇಲ್ಲಿ ಎಲೆ ಕಲಸೋ ಪ್ರೋಗ್ರಾಂ ಸರ್ಕಾರದ ಪರೀಕ್ಷೆ ಪಾಸಾಗದೆ ಆಟಕ್ಕೆ ಬರೋ ಹಾಗಿಲ್ಲ. ನನಗೆ ಕಲಸೋ ಬಗ್ಗೆ ಭಯ ಇಲ್ಲ. ಪಕ್ಕದಲ್ಲಿ ಇನ್ನೊಂದು ಸಾಫ್ಟ್‌ವೇರ್ ತೆರೆದು ಅದು ಹೇಳಿದಂತೆ ಆಡೋನ ಬಗ್ಗೆ ಇದೆ. 2017ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಲಿಬ್ರಾಟಸ್ ಅನ್ನೋ ಪ್ರೋಗ್ರಾಂ ನಾಲ್ವರು ವೃತ್ತಿಪರ ಆಟಗಾರರನ್ನು 1,20,000 ಆಟಗಳಲ್ಲಿ ಸೋಲಿಸಿತು. ಕ್ಯಾಸಿನೊ ಟೇಬಲ್‌ನಲ್ಲಿ ಆ ಭಯ ಇಲ್ಲ, ಎದುರಿಗಿರೋನು ಮನುಷ್ಯನೇ ಅನ್ನೋದಾದರೂ ಗ್ಯಾರಂಟಿ.

ಈಗ ಬುದ್ಧಿ, ಅದೃಷ್ಟದ ವಾದಕ್ಕೆ ಬರ್ತೀನಿ. ಪೋಕರ್‌ನಲ್ಲಿ ಎರಡೂ ಇದೆ. ಒಂದು ರಾತ್ರಿಯಲ್ಲಿ ಅದೃಷ್ಟವೇ ರಾಜ. ಬಲ್ಲವನು ಯಾರು ಅಂತ ಗೊತ್ತಾಗೋಕೆ ಹತ್ತಾರು ಸಾವಿರ ಆಟ ಬೇಕು. ವಾರಕ್ಕೊಮ್ಮೆ ಹೋಗಿ ಆರು ಗಂಟೆ ಕೂರೋನು ಕ್ಯಾಸಿನೊದಲ್ಲಿ 10,000 ಆಟ ಆಡೋಕೆ ಒಂದು ವರ್ಷ ದಾಟುತ್ತೆ. ಅಷ್ಟು ದಿನವೂ ಅರೆಬರೆ ಗೊತ್ತಿರೋನು ಗೆಲ್ಲುತ್ತಾ, ಸೋಲುತ್ತಾ, ನಾನೂ ಪರವಾಗಿಲ್ಲ ಅಂದುಕೊಂಡು ಇರಬಹುದು. ನಾಲ್ಕು ಟೇಬಲ್ ಆನ್‌ಲೈನ್‌ನಲ್ಲಿ ಅಷ್ಟೇ ಆಟ 36 ಗಂಟೆಯ ಕೆಲಸ. ಅದೃಷ್ಟ ಕಾಪಾಡೋ ಅವಧಿ ಒಂದು ವರ್ಷದಿಂದ ಒಂದು ವಾರಕ್ಕೆ ಇಳಿಯಿತು ಅಂತಾಯ್ತು. ಬಲ್ಲವನ ಜೇಬು ಬೇಗ ತುಂಬುತ್ತೆ, ಗೊತ್ತಿಲ್ಲದವನ ಜೇಬು ಅಷ್ಟೇ ಬೇಗ ಖಾಲಿ. ಪ್ರತಿ ಆಟದ ಹಣದಲ್ಲೂ ರೇಕ್ ಅಂತ ಒಂದು ಪಾಲು ಹಿಡಿಯೋ ಕಂಪನಿಗೆ ಯಾರು ಗೆದ್ದರೂ ಒಂದೇ, ಆಟ ಬೇಗ ಬೇಗ ಆದರೆ ಸಾಕು. ಅದಕ್ಕೇ ಹೇಳೋದು, ಇದು ಬುದ್ಧಿಯ ಆಟ, ಜೂಜಲ್ಲ ಅಂತ ಜಾಹೀರಾತು ಕೊಟ್ಟರೆ ಅದು ಸಮಾಧಾನದ ಮಾತಲ್ಲ. ಬುದ್ಧಿಯ ಆಟ ಆಗಿರೋದರಿಂದಲೇ ಹೊಸಬ ಬೇಗ ಮುಳುಗೋದು.

2003ರ ಕಥೆ ಇಲ್ಲಿ ಎಲ್ಲರ ಬಾಯಲ್ಲಿದೆ. ಕ್ರಿಸ್ ಮನಿಮೇಕರ್ ಅನ್ನೋ ಟೆನೆಸ್ಸಿಯ ಅಕೌಂಟೆಂಟ್ ಒಬ್ಬ ಆನ್‌ಲೈನ್‌ನಲ್ಲಿ 86 ಡಾಲರ್ ಕಟ್ಟಿ ಗೆದ್ದು, ಲಾಸ್ ವೇಗಸ್‌ನ ಪೋಕರ್ ವಿಶ್ವ ಸರಣಿಗೆ ಬಂದು 25 ಲಕ್ಷ ಡಾಲರ್ ಹೊಡೆದ. ಆ ವರ್ಷ ಅಲ್ಲಿ ಆಡಿದವರು 839 ಜನ. 2006ಕ್ಕೆ 8,773. ಅವನ ಕಥೆ ಕೇಳಿ ಬಂದ ಉಳಿದವರ ಕಥೆ ಯಾರೂ ಹೇಳಲ್ಲ.

ನಮ್ಮ ತುಮಕೂರಿನ ವಿಷಯ ಇದಕ್ಕಿಂತ ಬೇರೆ. ಅಮೆರಿಕದವರು ಕ್ಯಾಸಿನೊದಿಂದ ಆನ್‌ಲೈನ್‌ಗೆ ಬಂದರು. ನಮ್ಮಲ್ಲಿ ಕ್ಯಾಸಿನೊ ಅನ್ನೋದೇ ಇಲ್ಲ, ಅದಕ್ಕೆ ಗೋವಾಕ್ಕೇ ಹೋಗಬೇಕು, ಮಾಂಡೋವಿ ನದಿಯ ಹಡಗುಗಳಿಗೆ. ನಮ್ಮ ಹುಡುಗರು ಹೊಸತೊಡಕಿನ ಅಂದರ್ ಬಾಹರ್‌ನಿಂದ ಸೀದಾ ಫೋನಿಗೆ ಹಾರಿದರು. ಪಂಪ್‌ಹೌಸ್ ಹಿಂದೆ ಟವೆಲ್ ಹಾಸಿ ಆಡೋವಾಗ ತಡೆಯೋಕೆ ಎಷ್ಟೊಂದು ಇತ್ತು ನೋಡಿ. ಜೇಬಲ್ಲಿರೋ ದುಡ್ಡು ಮುಗಿದರೆ ಆಟ ಮುಗೀತು. ಯಾರೋ ಮನೆಗೆ ಸುದ್ದಿ ಮುಟ್ಟಿಸ್ತಾರೆ. ಇಲ್ಲ ಪೊಲೀಸರು ಬರ್ತಾರೆ, ಮಾರನೇ ದಿನ ಪೇಪರ್‌ನಲ್ಲಿ ‘ಪಣಕ್ಕಿಟ್ಟಿದ್ದ ಹಣ ವಶ’ ಅಂತ ನಾಲ್ಕು ಸಾಲು. ಫೋನಿನಲ್ಲಿ ಇದ್ಯಾವುದೂ ಇರಲಿಲ್ಲ. ಅಡಿಕೆ ಮಾರಿದ ದುಡ್ಡು ಬ್ಯಾಂಕಿಗೆ ಬಿದ್ದಿರುತ್ತಿತ್ತು, ಯುಪಿಐ ಪಿನ್ ಒತ್ತಿದರೆ ಹೋಯ್ತು. ಪಕ್ಕದಲ್ಲಿ ಮಲಗಿರೋ ಹೆಂಡತಿಗೂ ಗೊತ್ತಾಗುತ್ತಿರಲಿಲ್ಲ.

ಕೋರ್ಟು, ಸರ್ಕಾರಗಳ ಹಗ್ಗಜಗ್ಗಾಟ ಮಾತ್ರ ಬುದ್ಧಿ, ಅದೃಷ್ಟ ಅಂತಲೇ ನಡೆಯಿತು. ರಮ್ಮಿ ಮುಖ್ಯವಾಗಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತ್ತು. ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಹಣ ಕಟ್ಟೋ ಆನ್‌ಲೈನ್ ಆಟ ನಿಲ್ಲಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯ್ದೆ ತಂದಿತು: ಕೌಶಲವೋ ಅದೃಷ್ಟವೋ, ದುಡ್ಡು ಕಟ್ಟಿಸಿಕೊಂಡು ಆಡಿಸೋ ಆನ್‌ಲೈನ್ ಆಟ ಬೇಡವೇ ಬೇಡ. ಆಡಿಸೋರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡೋರಿಗೆ ಶಿಕ್ಷೆ ಇಲ್ಲ. ದೊಡ್ಡ ಪೋಕರ್ ಆ್ಯಪ್‌ಗಳು ಅದೇ ದಿನಗಳಲ್ಲಿ ಹಣದ ಆಟ ನಿಲ್ಲಿಸಿದವು. ಪೋಕರ್ ಇಷ್ಟಪಡೋನಾಗಿ ನನಗೆ ಬೇಜಾರಾಯ್ತು, ಆದರೆ ಅನ್ಯಾಯ ಅಂತ ಅನಿಸಲಿಲ್ಲ. ಇದ್ದ ಆ್ಯಪ್‌ಗಳ ವೇಗಕ್ಕೆ ಬ್ರೇಕ್ ಹಾಕೋ ಯೋಚನೆಯನ್ನು ಅದಕ್ಕೆ ಮುಂಚೆ ನಮ್ಮ ರಾಜ್ಯದಲ್ಲಿ ಯಾರೂ ಗಟ್ಟಿಯಾಗಿ ಮಾಡಿರಲಿಲ್ಲ.

ನ್ಯೂಜೆರ್ಸಿಯಲ್ಲಿ 2013ರಿಂದ ಆನ್‌ಲೈನ್ ಆಟ ಇದೆ. 21 ತುಂಬಿರಬೇಕು. ಫೋನು ರಾಜ್ಯದ ಗಡಿಯೊಳಗೆ ಇರಬೇಕು, ಹಡ್ಸನ್ ನದಿ ದಾಟಿ ನ್ಯೂಯಾರ್ಕಿಗೆ ಕಾಲಿಟ್ಟರೆ ಟೇಬಲ್ ಬಂದ್. ದಿನಕ್ಕೆ, ವಾರಕ್ಕೆ ಇಷ್ಟೇ ಹಣ, ಇಷ್ಟೇ ಹೊತ್ತು ಅಂತ ನಾವೇ ಮಿತಿ ಹಾಕಿಕೊಳ್ಳಬಹುದು. ಆ ಮಿತಿ ಇಳಿಸಿದರೆ ತಕ್ಷಣ ಜಾರಿ, ಏರಿಸಬೇಕಾದರೆ ಕಾಯಬೇಕು. ಈ ಕಾಯಿಸೋದು ನನಗೆ ಬಹಳ ಹಿಡಿಸಿತು. ಸೋತ ಸಿಟ್ಟಲ್ಲಿ ಇರೋನಿಗೆ ಒಂದು ರಾತ್ರಿ ಸಿಗುತ್ತೆ. ಕ್ಯಾಸಿನೊಗೆ ಪಾರ್ಕ್‌ವೇಯಲ್ಲಿ ಹೋಗಿಬರೋ ದಾರಿ ಕೊಡೋ ಬಿಡುವನ್ನು ಇಲ್ಲಿ ಈ ಒಂದು ನಿಯಮ ಕೊಡುತ್ತೆ. ಇದರಿಂದ ಇಲ್ಲಿ ಯಾರೂ ಹಾಳಾಗಿಲ್ಲ ಅಂತಲ್ಲ. ಮಿತಿ ಹಾಕಿಕೊಳ್ಳದೇ ಇರೋ ಸ್ವಾತಂತ್ರ್ಯವೂ ಇದೆಯಲ್ಲ.

ನಾನಂತೂ ಈಗ ಒಂದೇ ಟೇಬಲ್ ತೆರೆಯೋದು, ಸೆಂಟಿನ ಆಟ. ಹೆಂಡತಿ ಸೀರಿಯಲ್ ನೋಡೋ ಹೊತ್ತಿಗೆ ನನ್ನದೂ ಮುಗಿಯುತ್ತೆ. ನಿಜವಾದ ದುಡ್ಡಿನ ಆಟ ಬೇಕು ಅನಿಸಿದರೆ ಕಾರು ತೆಗೀತೀನಿ.

ಮೊನ್ನೆ ಊರಿಂದ ಭಾವ ಫೋನ್ ಮಾಡಿದ್ದರು. ಮಗ ಯಾವುದೋ ವಿದೇಶಿ ಸೈಟಿನಲ್ಲಿ ಪೋಕರ್ ಆಡೋಕೆ, ಫೋನು ಯಾವ ದೇಶದಲ್ಲಿದೆ ಅಂತ ಮರೆಮಾಚೋ ವಿಪಿಎನ್ ಹಾಕಿಕೊಂಡಿದ್ದಾನಂತೆ. “ನೀನು ಅಮೆರಿಕಾದಲ್ಲಿ ಆಡ್ತೀಯಲ್ಲಪ್ಪ, ಅದೇ ತಾನೇ ಇದು?” ಅಂದರು. ಅಲ್ಲ ಭಾವ ಅಂದೆ. 2011ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರ ದೊಡ್ಡ ದೊಡ್ಡ ಪೋಕರ್ ಸೈಟುಗಳನ್ನು ಒಂದೇ ದಿನ ಮುಚ್ಚಿಸಿದಾಗ, ಅದರಲ್ಲಿ ಒಂದು ಸೈಟು ಆಟಗಾರರ ಹಣವನ್ನು ಬೇರೆ ಇಟ್ಟಿರಲೇ ಇಲ್ಲ ಅಂತ ಗೊತ್ತಾಯ್ತು. ಅಮೆರಿಕದವರಿಗೇ ಆ ಹಣ ವಾಪಸ್ ಬರೋಕೆ ಶುರುವಾಗಿದ್ದು 2014ರಲ್ಲಿ, ಅದೂ ಸರ್ಕಾರ ನಡುವೆ ನಿಂತಿದ್ದಕ್ಕೆ. ನಿಮ್ಮ ಹುಡುಗನ ದುಡ್ಡು ಹೋದರೆ ತಿಪಟೂರು ಠಾಣೆಯಲ್ಲಿ ಏನಂತ ಕಂಪ್ಲೇಂಟ್ ಬರೆಸ್ತೀರಿ?

“ಹಂಗಾದ್ರೆ ನೀನೇ ಒಂದು ಮಾತು ಹೇಳು ಅವನಿಗೆ, ನನ್ನ ಮಾತು ಕೇಳಲ್ಲ” ಅಂದರು. ಹುಡುಗನ ಕೈಗೆ ಫೋನ್ ಕೊಡಿ ಅಂದೆ. ಅವನು ಬಿಜಿ ಇದ್ದಾನಂತೆ.