ಹೆಪ್ಪುಗಟ್ಟುವ ಪರೀಕ್ಷೆಗೂ ಕಾಲ ಕೂಡಿಬರಬೇಕು

ನಾನಿರುವುದು ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ, ಹುಟ್ಟಿ ಬೆಳೆದದ್ದು ತಿಪಟೂರಿನಲ್ಲಿ. ರಕ್ತ ಬೇಡದ ಕಡೆ ಹೆಪ್ಪುಗಟ್ಟಲು ಕಾರಣವಾಗುವ ‘ಫ್ಯಾಕ್ಟರ್ ಫೈವ್ ಲೈಡನ್’ ಎಂಬ ಹುಟ್ಟಿನಿಂದ ಬರುವ ದೋಷವನ್ನು 1994ರಲ್ಲಿ ಪತ್ತೆ ಮಾಡಿದ್ದು ಈ ಊರಿನಲ್ಲೇ. ಯುರೋಪ್ ಮೂಲದವರಲ್ಲಿ ನೂರಕ್ಕೆ ಸುಮಾರು ಐದು ಜನರಲ್ಲಿ ಅದಿದೆ. ಅವರಲ್ಲಿ ಬಹುಪಾಲು ಮಂದಿಗೆ ಜೀವಮಾನದಲ್ಲಿ ಒಂದು ಕ್ಲಾಟ್ ಕೂಡ ಆಗುವುದಿಲ್ಲ. ಆದ್ದರಿಂದ ಇಲ್ಲಿ ಅದನ್ನು ಸುಮ್ನೆ ಪರೀಕ್ಷೆ ಮಾಡಿಸುವ ರೂಢಿಯಿಲ್ಲ.

ನಮ್ಮ ಕಡೆ ಇಂಥ ಪರೀಕ್ಷೆ ಸಿಗುವುದಿಲ್ಲ ಎನ್ನುವ ಕಾಲ ಹೋಯಿತು. ತುಮಕೂರಿರಲಿ, ತಿಪಟೂರಿರಲಿ, ಲ್ಯಾಬಿನವರು ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ. ಅದು ಒಳ್ಳೆಯದೇ. ನನ್ನನ್ನು ಕಾಡುವುದು ಬೇರೆ. ಯಾಕೆ ಮಾಡಿಸುತ್ತಿದ್ದೀರಿ, ಈಗಲೇ ಯಾಕೆ ಎಂದು ಯಾರೂ ಕೇಳುವುದಿಲ್ಲ.

ನಮ್ಮ ಚಿಕ್ಕಪ್ಪನ ಮಗಳಿಗೆ ಎರಡು ಸಲ ಗರ್ಭ ನಿಲ್ಲಲಿಲ್ಲ. ಮೂರನೆಯ ಸಲ ಮೂರು ತಿಂಗಳಾಗಿದ್ದಾಗ ಯಾರೋ ಹೇಳಿದರು ಅಂತ ರಕ್ತ ಹೆಪ್ಪುಗಟ್ಟುವ ದೋಷ ಹುಡುಕುವ ಪರೀಕ್ಷೆಗಳ ಇಡೀ ಪ್ಯಾಕೇಜ್ ಮಾಡಿಸಿದಳು. ವಾಟ್ಸಾಪಿನಲ್ಲಿ ರಿಪೋರ್ಟ್ ಬಂತು. ರಕ್ತ ಬೇಡದ ಕಡೆ ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನ್ ಎಸ್ ಎಂಬುದರ ಸಾಲು ಮಾತ್ರ ದಪ್ಪ ಅಕ್ಷರದಲ್ಲಿ, ಪಕ್ಕದಲ್ಲಿ ಕೆಳಮುಖದ ಬಾಣ. “ಅಣ್ಣಾ, ನನ್ನ ರಕ್ತವೇ ಸರಿ ಇಲ್ವಂತೆ” ಎಂದು ಅತ್ತಳು. ಗರ್ಭಿಣಿಯರಲ್ಲಿ ಪ್ರೋಟೀನ್ ಎಸ್ ತಾನಾಗಿಯೇ ಇಳಿಯುತ್ತದೆ. ಅದು ಕಾಯಿಲೆಯಲ್ಲ. ಆ ರಿಪೋರ್ಟಿನಲ್ಲಿ ವಯಸ್ಸಿತ್ತು, ಹೆಣ್ಣು ಅಂತಿತ್ತು, ಗರ್ಭಿಣಿ ಎನ್ನುವುದು ಎಲ್ಲೂ ಇರಲಿಲ್ಲ.

ಗಂಡನ ಮನೆಯಲ್ಲಿ ಅದು “ತವರಿಂದ ಬಂದ ಕಾಯಿಲೆ” ಆಯಿತು. ಅವಳ ತಂಗಿಗೆ ಗಂಡು ನೋಡುತ್ತಿದ್ದರು, ಅಲ್ಲಿಗೂ ಸುದ್ದಿ ಮುಟ್ಟಿತು. ಹೆರಿಗೆಯಾಗಿ ಕೆಲವು ತಿಂಗಳ ಮೇಲೆ ಮತ್ತೆ ಮಾಡಿಸಿದಾಗ ಎಲ್ಲ ಸರಿಯಾಗಿತ್ತು. ಆ ಎರಡನೇ ರಿಪೋರ್ಟನ್ನು ಯಾರೂ ಊರಿಗೆಲ್ಲ ಹೇಳಿಕೊಂಡು ಬರಲಿಲ್ಲ.

ಇದು ಅವಳೊಬ್ಬಳ ಕಥೆಯಲ್ಲ. ಕಾಲಿನಲ್ಲೋ ಶ್ವಾಸಕೋಶದಲ್ಲೋ ಹೊಸದಾಗಿ ಕ್ಲಾಟ್ ಆಗಿದ್ದಾಗ ಹೆಪ್ಪುಗಟ್ಟುವುದನ್ನು ಹದ್ದಿನಲ್ಲಿಡುವ ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆಂಟಿಥ್ರಾಂಬಿನ್ ಮೂರೂ ಕಡಿಮೆ ಕಾಣಬಹುದು. ಕ್ಲಾಟ್ ತಡೆಯಲು ಕೊಡುವ ಹೆಪಾರಿನ್ ಇಂಜೆಕ್ಷನ್ ಆಂಟಿಥ್ರಾಂಬಿನ್ ಇಳಿಸುತ್ತದೆ. ಅದಕ್ಕೇ ಕೊಡುವ ವಾರ್ಫರಿನ್, ಅಸಿಟ್ರಾಮ್ ಮಾತ್ರೆಗಳು ಪ್ರೋಟೀನ್ ಸಿ ಮತ್ತು ಎಸ್ ಇಳಿಸುತ್ತವೆ. ಅಂದರೆ ಆಸ್ಪತ್ರೆಯ ಮಂಚದ ಮೇಲೆ ಮಲಗಿರುವಾಗ ಮಾಡಿಸಿದ ಪರೀಕ್ಷೆಯೇ ಎಷ್ಟೋ ಸಲ ಸುಳ್ಳು ಹೇಳುತ್ತದೆ. ಜೀನ್ ನೋಡುವ ಪರೀಕ್ಷೆಗೆ ಮಾತ್ರ ಈ ತೊಡಕಿಲ್ಲ, ಯಾವಾಗ ಬೇಕಾದರೂ ಆಗುತ್ತದೆ.

ರಕ್ತ ಸಾಗಿಸುವುದೂ ಅಷ್ಟೇ ಮುಖ್ಯ. ನೀಲಿ ಮುಚ್ಚಳದ ಟ್ಯೂಬನ್ನು ಗೆರೆಯವರೆಗೆ ತುಂಬಬೇಕು. ರಕ್ತ ಹೆಪ್ಪುಗಟ್ಟದಿರಲೆಂದು ಟ್ಯೂಬಿನಲ್ಲಿ ಮೊದಲೇ ಹಾಕಿರುವ ಸಿಟ್ರೇಟ್ ಒಂದು ಪಾಲಿದ್ದರೆ ರಕ್ತ ಒಂಬತ್ತು ಪಾಲು, ಅದು ತಪ್ಪಿದರೆ ಲೆಕ್ಕ ತಪ್ಪುತ್ತದೆ. ಸುಮಾರು ನಾಲ್ಕು ಗಂಟೆಯೊಳಗೆ ಪರೀಕ್ಷೆ ಆಗದಿದ್ದರೆ ರಕ್ತದ ದ್ರವಭಾಗವಾದ ಪ್ಲಾಸ್ಮಾ ಬೇರೆ ಮಾಡಿ ಫ್ರೀಜ್ ಮಾಡಬೇಕು. ಬೆಳಿಗ್ಗೆ ತಿಪಟೂರಿನಲ್ಲಿ ತೆಗೆದದ್ದು ಹಾಗೇ ಡಬ್ಬಿಯಲ್ಲಿ ಕೂತು ಸಂಜೆ ಬೆಂಗಳೂರು ಸೇರಿದರೆ ಏನು ಬೆಲೆ?

ಇಲ್ಲಿ ನನ್ನ ಜೊತೆ ಕೆಲಸ ಮಾಡುವವರೊಬ್ಬರಿಗೆ ಮೊಣಕಾಲು ಆಪರೇಷನ್ ಆದ ಮೇಲೆ ಕ್ಲಾಟ್ ಆಯಿತು. ವೈದ್ಯರು ಈ ಪರೀಕ್ಷೆಗಳೇ ಬೇಡ ಎಂದರು. ಕಾರಣ ಕಣ್ಣ ಮುಂದೆಯೇ ಇದೆ, ರಿಸಲ್ಟ್ ಏನೇ ಬಂದರೂ ಔಷಧ ಬದಲಾಗುವುದಿಲ್ಲ. ಅಮೆರಿಕದ ರಕ್ತರೋಗ ತಜ್ಞರ ಸಂಘವೂ 2013ರಲ್ಲಿ ಇಂಥವರಿಗೆ ಪರೀಕ್ಷೆ ಬೇಡ ಎಂದೇ ಹೇಳಿದೆ. ಊರಿನಲ್ಲಿ ಹೀಗೆಂದರೆ “ಡಾಕ್ಟರ್ ಸರಿಯಾಗಿ ನೋಡಲಿಲ್ಲ” ಅಂತೀವಿ, ಅಲ್ವಾ?

ಪದೇ ಪದೇ ಗರ್ಭ ಹೋಗುವವರಿಗೆ ನಿಜವಾಗಿ ಬೇಕಾದ ಪರೀಕ್ಷೆ ಆಂಟಿಫಾಸ್ಫೋಲಿಪಿಡ್, ಅಂದರೆ ಹೆಪ್ಪುಗಟ್ಟಲು ಕಾರಣವಾಗುವ ಪ್ರತಿಕಾಯಗಳನ್ನು ರಕ್ತದಲ್ಲಿ ಹುಡುಕುವುದು. ಈ ದೋಷ ಹುಟ್ಟಿನಿಂದ ಬರುವುದಲ್ಲ, ಆಮೇಲೆ ಬರುವುದು. ಸಿಕ್ಕಿದರೆ ಆಸ್ಪಿರಿನ್, ಹೆಪಾರಿನ್ ಕೊಟ್ಟು ನೋಡಬಹುದು. ಆದರೆ ಒಂದು ಸಲ ಪಾಸಿಟಿವ್ ಬಂದರೆ ಸಾಲದು, ಕನಿಷ್ಠ 12 ವಾರ ಬಿಟ್ಟು ಮತ್ತೆ ಬರಬೇಕು. ಹುಟ್ಟಿನಿಂದ ಬರುವ ದೋಷಗಳ ಮಾತು ಬೇರೆ. ಅಂಥ ದೋಷವಿದ್ದು ಗರ್ಭ ಹೋಗುತ್ತಿದ್ದ ಹೆಂಗಸರಿಗೆ ದಿನಾ ಹೆಪಾರಿನ್ ಚುಚ್ಚಿ ನೋಡಿದ ಅಲೈಫ್-2 ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಚುಚ್ಚಿಸಿಕೊಂಡವರಲ್ಲಿ ಶೇಕಡಾ 72 ಮಂದಿಗೆ ಮಗು ಜೀವಂತ ಹುಟ್ಟಿತು, ಚುಚ್ಚಿಸಿಕೊಳ್ಳದವರಲ್ಲಿ ಶೇಕಡಾ 71. ಅಷ್ಟು ಸೂಜಿ, ಅಷ್ಟು ದುಡ್ಡು ಯಾಕೆ ಎಂದು ನನಗೆ ಸಂಕಟವಾಗುತ್ತದೆ.

ಹಾಗಂತ ನಮ್ಮವರಿಗೆ ಗೊತ್ತಿಲ್ಲ ಎಂದಲ್ಲ. ತೆಂಗಿನ ತೋಟದಲ್ಲಿ ಕೊಳಕುಮಂಡಲ ಕಚ್ಚಿದವರನ್ನು ತಾಲ್ಲೂಕು ಆಸ್ಪತ್ರೆಗೆ ತಂದಾಗ ಮಾಡುವ ಪರೀಕ್ಷೆ ನೋಡಿ. ಆ ವಿಷ ರಕ್ತದ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ. ಹೊಸ, ಒಣ ಗಾಜಿನ ಟ್ಯೂಬಿನಲ್ಲಿ 2 ಮಿಲಿಲೀಟರ್ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಇಟ್ಟು, ಓರೆ ಮಾಡುತ್ತಾರೆ. ರಕ್ತ ಹೆಪ್ಪುಗಟ್ಟದೆ ಹರಿದರೆ ವಿಷಕ್ಕೆ ಮದ್ದು ಶುರು. ಯಾಕೆ, ಯಾವಾಗ, ಮುಂದೇನು, ಮೂರಕ್ಕೂ ಅಲ್ಲಿ ಉತ್ತರವಿದೆ. ಇದಕ್ಕಿಂತ ಅಚ್ಚುಕಟ್ಟಾದ ಪರೀಕ್ಷೆಯನ್ನು ನಾನು ಲೈಡನ್‌ನಲ್ಲೂ ಕಂಡಿಲ್ಲ.

ಅದೇ ಶಿಸ್ತು ಪ್ಯಾಕೇಜಿಗೂ ಬರಲಿ. ತುಮಕೂರಿನ ಲ್ಯಾಬುಗಳು ರಕ್ತ ತೆಗೆಯುವ ಫಾರಂನಲ್ಲಿ ನಾಲ್ಕು ಸಾಲು ಸೇರಿಸಲಿ: ಗರ್ಭಿಣಿಯೇ, ಯಾವ ಮಾತ್ರೆ ತಗೊಳ್ತಿದ್ದೀರಿ, ಕ್ಲಾಟ್ ಆಗಿ ಎಷ್ಟು ದಿನವಾಯಿತು, ಮನೆಯಲ್ಲಿ ಬೇರೆ ಯಾರಿಗಾದರೂ ಆಗಿತ್ತೇ. ಕೊನೆಯದಕ್ಕೆ ನಮ್ಮ ಅಜ್ಜಿಯರಷ್ಟು ಚೆನ್ನಾಗಿ ಉತ್ತರ ಹೇಳುವವರಿಲ್ಲ. ಯಾವ ಸೊಸೆಗೆ ಬಾಣಂತನದಲ್ಲಿ ಒಂದೇ ಕಾಲು ಊದಿತ್ತು ಎನ್ನುವುದು ಅವರಿಗೆ ನೆನಪಿರುತ್ತದೆ. ಲ್ಯಾಬಿನವರು ಕೇಳದಿದ್ದರೂ ಚೀಟಿಯ ಮೇಲೆ ನೀವೇ ಬರೆಸಿ.