ಶ್ರಿಂಪ್ ಅಂದ್ರೆ ಸಣ್ಣ ಪ್ರಾನ್ ಅಲ್ಲ

‘ಸಣ್ಣ ಸಿಗಡಿ ಶ್ರಿಂಪ್, ದೊಡ್ಡದು ಪ್ರಾನ್’ ಅಂತ ಮಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಇದು ಪೂರ್ತಿ ಸರಿಯಲ್ಲ. ಬ್ರಿಟನ್‌ನಲ್ಲಿ ತೀರಾ ಸಣ್ಣದಕ್ಕೆ ಶ್ರಿಂಪ್ ಅನ್ನೋ ರೂಢಿ ಇದೆ, ನಿಜ. ಆದರೆ ಅಮೆರಿಕದಲ್ಲಿ ಬಹುತೇಕ ಎಲ್ಲವೂ ಶ್ರಿಂಪೇ.

ಜೀವಶಾಸ್ತ್ರ ನೋಡುವುದು ಗಾತ್ರವನ್ನಲ್ಲ. ದಕ್ಕೆಯಿಂದ (ಮೀನುಗಾರಿಕಾ ಬಂದರಿನಿಂದ) ತಂದ ಯೆಟ್ಟಿಯನ್ನು, ಅಂದ್ರೆ ಸಿಗಡಿಯನ್ನು, ಅಡ್ಡ ಮಲಗಿಸಿ ನೋಡಿ. ಹೊಟ್ಟೆಯ ಚಿಪ್ಪುಗಳು ಹಂಚು ಹೊದಿಸಿದಂತೆ ಒಂದರ ಮೇಲೊಂದು ಹಿಂದಕ್ಕೆ ಸಾಗಿದ್ದರೆ ಪ್ರಾನ್ ಗುಂಪು. ಎರಡನೇ ಚಿಪ್ಪು ತನ್ನ ಹಿಂದುಮುಂದಿನ ಎರಡನ್ನೂ ಮುಚ್ಚಿದ್ದರೆ ಶ್ರಿಂಪ್ ಗುಂಪು. ಇವು ಮೊಟ್ಟೆಯನ್ನು ಹೊಟ್ಟೆಯಡಿ ಹೊತ್ತು ತಿರುಗುತ್ತವೆ. ಎಷ್ಟು ಚಂದದ ಗುರುತು, ಅಲ್ವಾ?

ವ್ಯಾಪಾರದ ಹೆಸರು ಇದನ್ನೂ ಪಾಲಿಸುವುದಿಲ್ಲ. ಕೊಳಗಳಲ್ಲಿ ಸಾಕುವ ವನಾಮಿ ಸಿಗಡಿ ಪ್ರಾನ್ ಗುಂಪಿನದು, ಆದರೂ ಪ್ಯಾಕೆಟ್ ಮೇಲೆ ಹೆಚ್ಚಾಗಿ ಶ್ರಿಂಪ್. ಗಾತ್ರ ಬೇಕಿದ್ದರೆ ಕೆಜಿಗೆ ಎಷ್ಟು ಬರುತ್ತದೆ ಅಂತ ಕೇಳಿ.