ಹೆಸರಿಟ್ಟು ಹೇಳದ ಪಾಪ

ಪ್ರತಿ ಭಾನುವಾರ ಆರಾಧನೆಯಲ್ಲಿ ನಾವೆಲ್ಲರೂ ತಲೆಬಾಗಿ ಪಾಪದ ಅರಿಕೆಯನ್ನು ಒಟ್ಟಾಗಿ ಹೇಳುತ್ತೇವೆ. ಆಲೋಚನೆಯಲ್ಲಿ, ಮಾತಿನಲ್ಲಿ, ಕ್ರಿಯೆಯಲ್ಲಿ ತಪ್ಪಿದ್ದೇವೆಂದು ಒಪ್ಪಿಕೊಳ್ಳುತ್ತೇವೆ, ಸಭಾಪಾಲಕರು ಕ್ಷಮೆಯ ವಾಗ್ದಾನವನ್ನು ಓದುತ್ತಾರೆ, ಮುಂದಿನ ಗೀತೆಗೆ ಎದ್ದು ನಿಲ್ಲುತ್ತೇವೆ. ಈ ಪ್ರಾರ್ಥನೆಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಅಷ್ಟಕ್ಕೇ ಪಶ್ಚಾತ್ತಾಪ ಮುಗಿಯಿತೆಂದು ನಾವು ನಂಬಿಕೊಂಡಿರುವುದರ ಬಗ್ಗೆ ಇದೆ. ‘ನಾನು ಪಾಪಿ’ ಎಂದು ನೂರು ಜನರ ನಡುವೆ ಹೇಳಲು ಯಾರಿಗೂ ನಾಚಿಕೆಯಾಗುವುದಿಲ್ಲ. ‘ಅಪ್ಪ ತೀರಿಹೋದ ಮೇಲೆ ನಿನ್ನ ಪಾಲನ್ನು ಕೊಡದೆ ಕಾಗದಕ್ಕೆ ಸಹಿ ಹಾಕಿಸಿಕೊಂಡೆ’ ಎಂದು ತಂಗಿಯೊಬ್ಬಳ ಎದುರು ಹೇಳುವಾಗ ಮಾತ್ರ ಗಂಟಲು ಕಟ್ಟುತ್ತದೆ. ಮನುಷ್ಯನ ಗುಣ ಬದಲಾಗಲು ತೊಡಗುವುದು ಈ ಎರಡನೆಯ ಮಾತಿನಿಂದ ಎಂಬುದು ನನ್ನ ಅಭಿಪ್ರಾಯ.

ಲೂಕನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ಬರುವ ಜಕ್ಕಾಯನನ್ನು ಸಂಡೇ ಸ್ಕೂಲಿನಲ್ಲಿ ನಮಗೆ ಮರ ಹತ್ತಿದ ಕುಳ್ಳನೆಂದೇ ಪರಿಚಯಿಸಿದರು, ಬಹಳ ಮಂದಿಗೆ ಅವನು ಇಂದಿಗೂ ಮರದಿಂದ ಇಳಿದಿಲ್ಲ. ಇಳಿದ ಮೇಲೆ ಅವನು ಹೇಳಿದ್ದನ್ನು ನಿಧಾನವಾಗಿ ಓದಬೇಕು. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಯಾರಿಂದಲಾದರೂ ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಎಂದನು. ತಾನಾಗಿ ತಪ್ಪೊಪ್ಪಿಕೊಂಡವನು ಮೂಲಧನದ ಮೇಲೆ ಐದನೆಯ ಒಂದು ಪಾಲನ್ನು ಸೇರಿಸಿ ಕೊಟ್ಟರೆ ಸಾಕೆಂದು ಮೋಶೆಯ ಧರ್ಮಶಾಸ್ತ್ರವೇ ಹೇಳುತ್ತದೆ. ನಾಲ್ಕರಷ್ಟು ಎಂಬುದು ಕುರಿಯನ್ನು ಕದ್ದು ಕೊಯ್ದವನಿಗೆ ವಿಮೋಚನಕಾಂಡ ವಿಧಿಸಿರುವ ದಂಡ. ಸುಂಕದವರ ಮುಖ್ಯಸ್ಥನಾಗಿದ್ದ, ಊರಿನಲ್ಲಿ ಹಣವಂತನೆನಿಸಿಕೊಂಡಿದ್ದ ಆ ಮನುಷ್ಯ ಯಾರೂ ಕೇಳದೆಯೇ ತನ್ನನ್ನು ಕುರಿಗಳ್ಳರ ಸಾಲಿನಲ್ಲಿ ನಿಲ್ಲಿಸಿಕೊಂಡನು.

ಇದು ಕ್ರಿಯೆಗಳಿಂದ ರಕ್ಷಣೆಯನ್ನು ಸಂಪಾದಿಸುವ ಮಾತಲ್ಲವೇ ಎಂದು ಕೇಳುವವರಿದ್ದಾರೆ. ಘಟನೆಯ ಕ್ರಮವನ್ನು ನೋಡಿದರೆ ಉತ್ತರ ಅಲ್ಲಿಯೇ ಇದೆ: ಯೇಸು ಅವನ ಮನೆಗೆ ಬರುತ್ತೇನೆಂದದ್ದು ಮೊದಲು, ಅವನು ಲೆಕ್ಕ ತೀರಿಸಲು ಎದ್ದದ್ದು ಆಮೇಲೆ. ಎಫೆಸದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಕೃಪೆಯ ಕುರಿತ 8, 9ನೆಯ ವಚನಗಳನ್ನು ಬಾಯಿಪಾಠ ಒಪ್ಪಿಸುವ ನಾವು, ಸತ್ಕ್ರಿಯೆಗಳಿಗಾಗಿಯೇ ನಾವು ನಿರ್ಮಿಸಲ್ಪಟ್ಟೆವೆಂದು ಹೇಳುವ 10ನೆಯ ವಚನ ಬರುವಷ್ಟರಲ್ಲಿ ಏಕೋ ಪುಸ್ತಕ ಮುಚ್ಚಿಬಿಡುತ್ತೇವೆ.

ಹೆಸರಿಟ್ಟು ಹೇಳುವುದಕ್ಕೂ ಒಂದು ಅಭ್ಯಾಸ ಬೇಕು. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದ್ದು ಯೇಸುಸಭೆ (ಜೆಸ್ಯೂಟರು) ಎಂಬ ಕಥೋಲಿಕ ಗುರುಗಳ ಸಂಘ. ಆ ಸಂಘದ ಸಂಸ್ಥಾಪಕ ಇಗ್ನೇಷಿಯಸ್ ಲೊಯೋಲಾ, 1548ರಲ್ಲಿ ಪೋಪರ ಒಪ್ಪಿಗೆ ಪಡೆದ ತಮ್ಮ ಧ್ಯಾನದ ಕೈಪಿಡಿಯಲ್ಲಿ ಇಂಥ ಒಂದು ಕ್ರಮವನ್ನು ಬರೆದಿಟ್ಟಿದ್ದಾರೆ. ಪ್ರೊಟೆಸ್ಟೆಂಟರಾದ ನಮಗೆ ಅವರ ಎಲ್ಲ ಮಾತೂ ಒಪ್ಪಿಗೆಯಾಗಬೇಕಿಲ್ಲ, ಇದನ್ನು ಮಾತ್ರ ಧಾರಾಳವಾಗಿ ಎರವಲು ಪಡೆಯಬಹುದು. ಒಂದೇ ಒಂದು ದೋಷವನ್ನು ಆರಿಸಿಕೊಳ್ಳಬೇಕು. ಎದ್ದೊಡನೆ ಅದರ ವಿಷಯವಾಗಿ ಎಚ್ಚರವಾಗಿರುತ್ತೇನೆಂದು ನಿಶ್ಚಯಿಸಬೇಕು. ಮಧ್ಯಾಹ್ನ ಊಟವಾದ ಮೇಲೆ ಒಮ್ಮೆ, ರಾತ್ರಿ ಊಟವಾದ ಮೇಲೆ ಇನ್ನೊಮ್ಮೆ, ಕಳೆದ ಗಂಟೆಗಳನ್ನು ಒಂದೊಂದಾಗಿ ನೆನೆದು, ಎಡವಿದ ಪ್ರತಿಯೊಂದು ಸಲಕ್ಕೂ ಕಾಗದದ ಗೆರೆಯ ಮೇಲೆ ಒಂದು ಚುಕ್ಕೆ ಇಡಬೇಕು. ದಿನಕ್ಕೆ ಎರಡು ಗೆರೆ, ವಾರಕ್ಕೆ ಏಳು ಜೋಡಿ. ಮಧ್ಯಾಹ್ನವನ್ನು ರಾತ್ರಿಯೊಡನೆ, ನಿನ್ನೆಯನ್ನು ಇಂದಿನೊಡನೆ ಹೋಲಿಸಬೇಕು. ಎಡವಿದ ಗಳಿಗೆಯಲ್ಲಿ ಕೈಯನ್ನು ಎದೆಗೆ ಮುಟ್ಟಿಸಿಕೊಳ್ಳಬೇಕು, ಸುತ್ತ ಜನರಿದ್ದರೂ ಅದು ಯಾರ ಗಮನಕ್ಕೂ ಬಾರದು ಎನ್ನುತ್ತಾರೆ ಅವರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕಕ್ಕೆ ಗುರುತು ಹಾಕುವಷ್ಟೇ ಸರಳವಾದ ಕೆಲಸ ಇದು. ಈಸ್ಟರಿಗೆ ಮುಂಚಿನ ಉಪವಾಸಕಾಲವಾದ ಲೆಂಟಿನ 40 ದಿನ ಮಾಂಸ ಬಿಡುವುದು ಒಳ್ಳೆಯದೇ. ಆದರೆ ಸಾರಿಗೆ ಉಪ್ಪು ಕಡಿಮೆಯಾಯಿತೆಂದು ತಟ್ಟೆ ತಳ್ಳಿ ಎದ್ದುಹೋಗುವವನು ಮಾಂಸದ ಬದಲು ಆ ತಟ್ಟೆಯ ಲೆಕ್ಕವನ್ನು ಇಟ್ಟನೆಂದರೆ ಅವನ ಮನೆಯವರಿಗೆ ಈಸ್ಟರ್ ಸ್ವಲ್ಪ ಬೇಗನೆ ಬಂದೀತು.

ಇಷ್ಟಾದರೂ ನಮ್ಮ ಕಣ್ಣಿಗೆ ನಮ್ಮ ದೋಷ ಪೂರ್ತಿ ಕಾಣುವುದಿಲ್ಲ. ಪೇತ್ರನ ವಿಷಯದಲ್ಲಿ ಇದು ಬಹಳ ಸ್ಪಷ್ಟವಾಗಿದೆ. ಮಹಾಯಾಜಕನ ಅಂಗಳದಲ್ಲಿ ಒಬ್ಬ ದಾಸಿಯ ಪ್ರಶ್ನೆಗೆ ಹೆದರಿ ಕರ್ತನನ್ನು ಅರಿಯೆನೆಂದವನು ಅತ್ತು ಪಶ್ಚಾತ್ತಾಪಪಟ್ಟನು, ಪವಿತ್ರಾತ್ಮ ಇಳಿದುಬಂದ ಪಂಚಾಶತ್ತಮ ದಿನದಲ್ಲಿ ಸಾವಿರಾರು ಜನರ ಎದುರು ಧೈರ್ಯದಿಂದ ಸಾರಿದನು. ಅದೇ ಪೇತ್ರ ಅಂತಿಯೋಕ್ಯದಲ್ಲಿ ಅನ್ಯಜನರೊಂದಿಗೆ, ಎಂದರೆ ಯೆಹೂದ್ಯರಲ್ಲದವರೊಂದಿಗೆ, ಊಟಮಾಡುತ್ತಿದ್ದು, ಯೆರೂಸಲೇಮಿನ ಸಭೆಯ ನಾಯಕ ಯಾಕೋಬನ ಕಡೆಯಿಂದ ಕೆಲವರು ಬಂದೊಡನೆ ಹೆದರಿ ಪಂಕ್ತಿಯಿಂದ ಹಿಂದೆ ಸರಿದನೆಂದು ಗಲಾತ್ಯದವರಿಗೆ ಬರೆದ ಪತ್ರಿಕೆ ಹೇಳುತ್ತದೆ. ಜನ ಏನಂದಾರೋ ಎಂಬ ಹಳೆಯ ಭಯವೇ ಮತ್ತೆ ತಲೆಯೆತ್ತಿತ್ತು. ಪೌಲನು ಅದನ್ನು ಬೆನ್ನ ಹಿಂದೆ ಆಡಿಕೊಳ್ಳದೆ ಮುಖಾಮುಖಿಯಾಗಿ, ಎಲ್ಲರ ಮುಂದೆ ಹೇಳಿದನು. ಅಪೊಸ್ತಲನಿಗೇ ಹೀಗೆ ಹೇಳುವವನೊಬ್ಬ ಬೇಕಾಗಿದ್ದನು.

ನಮ್ಮ ಸಭೆಗಳಲ್ಲಿ ಅಂಥವರಿಗೆ ಜಾಗವೇ ಇಲ್ಲ. 1947ರಲ್ಲಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ರೂಪುಗೊಂಡಾಗ ಅದರೊಳಗೆ ಬಂದ ಮೆಥಡಿಸ್ಟ್ ಪರಂಪರೆಯಲ್ಲಿ ಇದಕ್ಕೊಂದು ವ್ಯವಸ್ಥೆಯಿತ್ತು. 1738ರ ಡಿಸೆಂಬರ್ 25ರಂದು ಆ ಪರಂಪರೆಯ ಮೂಲಪುರುಷ ಜಾನ್ ವೆಸ್ಲಿ ಸಣ್ಣ ಗುಂಪುಗಳಿಗಾಗಿ ನಿಯಮಗಳನ್ನು ಬರೆದರು. ವಾರಕ್ಕೊಮ್ಮೆ ಸೇರುವುದು, ಕಳೆದ ಭೇಟಿಯಿಂದೀಚೆಗೆ ತಿಳಿದು ಮಾಡಿದ ಪಾಪ ಯಾವುದೆಂದು ಒಬ್ಬೊಬ್ಬರನ್ನೂ ಕೇಳುವುದು. ಸೇರುವ ಮೊದಲೇ, ನಿನ್ನ ದೋಷಗಳನ್ನು ಮುಚ್ಚುಮರೆಯಿಲ್ಲದೆ ಹೇಳಿಸಿಕೊಳ್ಳಲು ಮನಸ್ಸಿದೆಯೇ ಎಂದು ಕೇಳುತ್ತಿದ್ದರು. ಗಂಡಸರ ಗುಂಪೇ ಬೇರೆ, ಹೆಂಗಸರ ಗುಂಪೇ ಬೇರೆ.

ಇದನ್ನು ನಮ್ಮಲ್ಲಿ ಮತ್ತೆ ತರುವುದಾದರೆ ಒಂದು ಅಪಾಯವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಮ್ಮ ಮನೆಕೂಟಗಳಲ್ಲಿ ಚಾಡಿಮಾತು ಹೆಚ್ಚಾಗಿ ‘ಪ್ರಾರ್ಥನಾ ವಿಷಯ’ದ ವೇಷದಲ್ಲಿಯೇ ಬರುತ್ತದೆ, ‘ಪಾಪ, ಅವರ ಮಗನಿಗೋಸ್ಕರ ಪ್ರಾರ್ಥಿಸಿ’ ಎಂದು ಶುರುವಾದದ್ದು ಕಾಫಿ ಮುಗಿಯುವಷ್ಟರಲ್ಲಿ ಆ ಮನೆಯ ಪೂರ್ತಿ ಚರಿತ್ರೆಯಾಗಿರುತ್ತದೆ. ಹಾಗಾಗಿ ಇಲ್ಲಿ ಕೇಳಿದ್ದನ್ನು ಸ್ವಂತ ಗಂಡನಿಗೆ, ಹೆಂಡತಿಗೆ ಕೂಡ ಹೇಳುವುದಿಲ್ಲವೆಂದು ಒಪ್ಪದವರನ್ನು ಸೇರಿಸಿಕೊಳ್ಳಬಾರದು. ಅಂಥ ಮೂರೇ ಜನ ಸಿಕ್ಕಿದರೂ ಆರಂಭಿಸಬಹುದು, ಇದಕ್ಕೆ ಸಭೆಯ ಆಡಳಿತ ನೋಡಿಕೊಳ್ಳುವ ಪಾಸ್ಟರೇಟ್ ಕಮಿಟಿಯ ಠರಾವೇನೂ ಬೇಕಾಗಿಲ್ಲ.